ನಾಲ್ಕನೇ ಮಗು ಗೆರೆ ದಾಟಿದ ಮೇಲೇ ವಾಚ್ ನಿಲ್ಲಿಸಿ: ದಾವಣಗೆರೆಯ ಮಕ್ಕಳ ಸೈಕಲ್ ಲೀಗ್, ನನ್ನ ಅನುಭವ

ಈ ವರ್ಷ ಲೀಗಿನ ಕೊನೇ ಭಾನುವಾರಕ್ಕೂ ಹತ್ತಕ್ಕೆ ಹತ್ತು ಶಾಲೆ ಬಂದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ "ಮೂರನೇ ವಾರಕ್ಕೆ ನೀವೊಬ್ಬರೇ ಸೀಟಿ ಊದ್ತಾ ನಿಂತಿರ್ತೀರಿ ಬಿಡಿ ಮೇಷ್ಟ್ರೇ" ಅಂದವರೇ ಈಗ ನಿಯಮದ ಪ್ರತಿ ಕೇಳುತ್ತಿದ್ದಾರೆ. ನಿಯಮ ಒಂದೇ ಹಾಳೆ, ಕೊಟ್ಟಿದ್ದೇನೆ. ಆ ಹಾಳೆಗೆ ಬರುವ ಮೊದಲು ಏನೇನು ಕೆಟ್ಟಿತು, ಎಷ್ಟು ದುಡ್ಡು ಹೋಯಿತು ಅನ್ನುವುದು ಅದರಲ್ಲಿಲ್ಲ. ಓದುವವರು ಹೆಚ್ಚಿನಂಶ ದೈಹಿಕ ಶಿಕ್ಷಕರೇ ಆದ್ದರಿಂದ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆ ಡಬ್ಬಿ, ಸುಣ್ಣದ ಗೆರೆ ಇದನ್ನೆಲ್ಲ ಬರೆಯುತ್ತ ಕೂರುವುದಿಲ್ಲ.

ದಾವಣಗೆರೆಯಲ್ಲಿ ಸೈಕಲ್ ರೇಸ್ ಅಂದರೆ ಜನ ನಗುತ್ತಾರೆ. ನಮ್ಮದು ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರು, ಶಾಲೆಗಳಲ್ಲಿ ಕಬಡ್ಡಿ, ಖೋಖೋ. ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ ಕಡೆಯವರದು ಅಂತ ಎಲ್ಲರ ಲೆಕ್ಕ. ಅದರ ಮೇಲೆ ಪ್ರಾಥಮಿಕ ಶಾಲೆ ಮಕ್ಕಳು. ಒಬ್ಬ ಹೆಡ್ ಮಾಸ್ತರು ನೇರವಾಗಿಯೇ ಹೇಳಿದರು: "ನೋಡ್ರಿ, ಒಬ್ಬನ ಹಲ್ಲು ಹೋದ್ರೂ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ನಿಮ್ಮನೆಗೆ ಬರಲ್ಲ, ನಮ್ಮನೆಗೆ ಬರ್ತಾರೆ." ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಮೊದಲು ಎಲ್ಲರಂತೆ ನಾನೂ ಸೀಟಿ ಊದಿ ಎಲ್ಲರನ್ನೂ ಒಟ್ಟಿಗೆ ಬಿಟ್ಟೆ. ಶಾಲೆಯ ಮೈದಾನದಲ್ಲಿ ತಿರುವಿಗೆ ಬರುವಷ್ಟರಲ್ಲಿ ಜಲ್ಲಿಪುಡಿ ಮೇಲೆ ನಾಲ್ಕೈದು ಸೈಕಲ್ ಒಂದರ ಮೇಲೊಂದು. ಆಮೇಲೆ ಬೆಳಗಿನ ಜಾವದ ರಸ್ತೆ ನೋಡಿದೆವು: ಲಾರಿಗಿಂತ ನಾಯಿ ಕಾಟ ಜಾಸ್ತಿ. ಸೈಕಲ್ ಜೋರಾಗಿ ಹೋದಷ್ಟೂ ಬೀದಿನಾಯಿಗೆ ಹುರುಪು. ಕೊನೆಗೆ ಶಾಮನೂರು ಕಡೆ ಒಂದು ಹೊಸ ಲೇಔಟ್ ಸಿಕ್ಕಿತು. ಡಾಂಬರು ಹಾಕಿ, ಸೈಟು ಕಲ್ಲು ನೆಟ್ಟು, ಮನೆ ಮಾತ್ರ ಒಂದೂ ಏಳದ ಜಾಗ. ಚೌಕಾಕಾರದ ಸುತ್ತು, ಸುಮಾರು ಆರುನೂರು ಮೀಟರ್. ಊರ ಸುತ್ತ ಇಂಥ ಲೇಔಟ್ ಎಷ್ಟು ಬೇಕಾದರೂ ಇವೆ. ಮಾಲೀಕರನ್ನು ಒಪ್ಪಿಸುವುದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ವರ್ಷ ನಮಗೇ ಜಾಗ ಸಿಗಲಿಕ್ಕಿಲ್ಲ.

ಜಾಗ ಸಿಕ್ಕಿದರೂ ಲೀಗ್ ನೆಲೆ ನಿಲ್ಲಲಿಲ್ಲ. ಬೇರೆ ಬೇರೆ ಶಾಲೆಯ ಮೂವರು ಹುಡುಗರು ಪ್ರತಿ ವಾರ ಮುಂದೆ. ಒಬ್ಬನದು ಗೇರ್ ಸೈಕಲ್, ಚಿಕ್ಕಪ್ಪ ಬೆಂಗಳೂರಿಂದ ತಂದುಕೊಟ್ಟದ್ದು. ಇನ್ನೊಬ್ಬನ ಪಕ್ಕದಲ್ಲಿ ಅವನಪ್ಪ ಬೈಕಲ್ಲಿ ಕೂಗುತ್ತ ಬರುತ್ತಿದ್ದರು. ಉಳಿದ ಮೂವತ್ತು ಚಿಲ್ಲರೆ ಮಕ್ಕಳು ಯಾಕೆ ಬರಬೇಕು? ಎರಡನೇ ವಾರಕ್ಕೆ ಹುಡುಗಿಯರು ಕಾಣೆ. ಆಮೇಲೆ ಶಾಲೆಗಳೇ ಕಾಣೆ. ಟ್ರೋಫಿ, ಫ್ಲೆಕ್ಸು, ಶಾಮಿಯಾನ, ಮೈಕ್ ಸೆಟ್ ಅಂತ ಆ ವರ್ಷ ಇಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತ್ತು. ಟ್ರೋಫಿಗಳಲ್ಲಿ ಅರ್ಧ ಈಗಲೂ ನಮ್ಮ ಕ್ರೀಡಾ ಕೊಠಡಿಯ ಬೀರುವಿನ ಮೇಲಿವೆ.

ದಾರಿ ತೋರಿಸಿದ್ದು ಒಂದು ಹಳೇ ಪಂದ್ಯ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿ 100 ಕಿಲೋಮೀಟರ್ ಸೈಕಲ್ ತಂಡದ ಟೈಮ್ ಟ್ರಯಲ್, ಅಂದರೆ ಗಡಿಯಾರದ ಎದುರಿನ ಓಟ, ಇರುತ್ತಿತ್ತು. ನಾಲ್ವರು ಹೊರಡುತ್ತಾರೆ, ಒಬ್ಬರ ಹಿಂದೊಬ್ಬರು ಗಾಳಿ ತಪ್ಪಿಸಿಕೊಂಡು ಹೋಗುತ್ತಾರೆ, ಮೂರನೆಯವನು ಗೆರೆ ದಾಟಿದ ಸಮಯವೇ ತಂಡದ ಸಮಯ. ನಾನು ಅದನ್ನು ನಾಲ್ಕನೆಯವನಿಗೆ ಇಳಿಸಿದೆ. ತಂಡ ನಾಲ್ವರದು, ಅದರಲ್ಲಿ ಇಬ್ಬರು ಹುಡುಗಿಯರು ಇರಲೇಬೇಕು, ಕೊನೇ ಮಗು ಗೆರೆ ದಾಟಿದ ಮೇಲೇ ವಾಚ್ ನಿಲ್ಲುವುದು. ಒಟ್ಟಿಗೆ ಬಿಡುವ ಪದ್ಧತಿಯನ್ನೇ ತೆಗೆದೆ. ಒಂದು ಸಲಕ್ಕೆ ಎರಡೇ ಶಾಲೆ, ಲೇಔಟಿನ ಎದುರುಬದುರು ಮೂಲೆಯಿಂದ, ಇಬ್ಬರೂ ಒಂದೇ ದಿಕ್ಕಿಗೆ. ನಾಲ್ಕು ಸುತ್ತು, ಎಂಟು ನಿಮಿಷ, ಹೆಚ್ಚೆಂದರೆ ಒಂಬತ್ತು. ಟ್ರ್ಯಾಕ್ ಸೈಕ್ಲಿಂಗಿನ ಪರ್ಸ್ಯೂಟ್, ಅಂದರೆ ಎರಡು ತಂಡ ಎದುರುಬದುರಿನಿಂದ ಹೊರಟು ಒಂದನ್ನೊಂದು ಬೆನ್ನಟ್ಟುವ ಪಂದ್ಯ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಆಗಲೂ ನಕ್ಕರು. "ಚೆನ್ನಾಗಿ ಹೊಡೆಯೋ ಹುಡುಗನಿಗೆ ಇದರಲ್ಲಿ ಏನು ಬಂತು?" ಅಂದರು. ಅವನಿಗೆ ಬಂದದ್ದು ಹೊಸ ಕೆಲಸ. ಮೊದಲ ಸುತ್ತಲ್ಲೇ ಓಡಿಹೋದರೆ ಏನೂ ಸಿಗುವುದಿಲ್ಲ, ಹಿಂದಿನವರನ್ನು ತನ್ನ ಮರೆಯಲ್ಲಿ ಎಳೆದುಕೊಂಡು ಬರಬೇಕು. ಬಿದ್ದರೆ ತಂಡ ನಿಂತು ಕಾಯಲೇಬೇಕು, ಹಾಗಾಗಿ ತಿರುವಿನಲ್ಲಿ ಹುಚ್ಚಾಟ ತಾನಾಗಿ ಕಡಿಮೆಯಾಯಿತು. ಈ ವರ್ಷ ಮೊಣಕಾಲು, ಮೊಣಕೈ ತರಚಿದ್ದು ಬಿಟ್ಟರೆ ದೊಡ್ಡದೇನೂ ಆಗಲಿಲ್ಲ. ಒಂದು ಮಗುವಿನ ಪ್ಯಾಂಟು ಚೈನಿಗೆ ಸಿಕ್ಕಿತ್ತು. ತೂಕ ಇಳಿಯಲಿ ಅಂತ ಬಿಚ್ಚಿಟ್ಟಿದ್ದ ಚೈನ್ ಕವರುಗಳು ಅವತ್ತೇ ಸಂಜೆ ವಾಪಸ್ ಬಂದವು.

ಇನ್ನು ಸೈಕಲ್ ವಿಷಯ. ನನ್ನ ಮಟ್ಟಿಗೆ ಇಡೀ ಲೀಗಿನ ಗುಟ್ಟು ಇಲ್ಲೇ ಇದೆ. ಒಂದು ಸಲಕ್ಕೆ ಓಡುವುದು ಎಂಟೇ ಮಕ್ಕಳಾದರೆ ಊರಿಗೆಲ್ಲ ಎಂಟೇ ಸೈಕಲ್ ಸಾಕು! ಯಾರೂ ಮನೆಯಿಂದ ತರುವ ಹಾಗಿಲ್ಲ. ಗೇರ್ ಜಗಳ ಅಲ್ಲಿಗೆ ಮುಗಿಯಿತು, ಸೈಕಲ್ಲೇ ಇಲ್ಲದ ಮಕ್ಕಳೂ ಒಳಗೆ ಬಂದರು. ನಮ್ಮ ಶಾಲೆ ತಂಡದ ಮುಂದಾಳು ಐದನೇ ಕ್ಲಾಸಿನ ಹುಡುಗಿ, ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಮನೆಯಲ್ಲಿ ಸೈಕಲ್ ಇಲ್ಲ.

20 ಇಂಚಿನ ಸೈಕಲ್ ಹತ್ತು, ಎಂಟು ಓಟಕ್ಕೆ, ಎರಡು ಸ್ಪೇರ್. ಎಲ್ಲವೂ ಗುಜರಿಯಿಂದ ತಂದವು, ನಾನೂರರ ಆಸುಪಾಸು ಬಿದ್ದವು. ಟೈರು, ಟ್ಯೂಬು, ಚೈನು, ಫ್ರೀವೀಲು (ಹಿಂದಿನ ಹಲ್ಲುಚಕ್ರ), ಬ್ರೇಕ್ ಶೂ, ವಯರ್ ಎಲ್ಲ ಸೇರಿ ಒಂದೊಂದಕ್ಕೆ ಇನ್ನೊಂದು ಸಾವಿರ. ಸೈಡ್ ವೀಲ್, ಬುಟ್ಟಿ, ಕ್ಯಾರಿಯರ್, ಸ್ಟ್ಯಾಂಡ್ ಬಿಚ್ಚಿ ತೂಕಕ್ಕೆ ಹಾಕಿದ್ದರಲ್ಲಿ ಚಹಾದ ಖರ್ಚು ಹುಟ್ಟಿತು. ಹ್ಯಾಂಡಲ್ ತುದಿ ಮಾತ್ರ ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಿ. ಹಳೇ ಗ್ರಿಪ್ ಹರಿದು ಕೊಳವೆ ಬಾಯಿ ಹೊರಗೆ ಬಂದಿರುತ್ತದೆ. ಬಿದ್ದಾಗ ಅದು ನೇರ ಹೊಟ್ಟೆಗೆ. ಬಿರಡೆ ಬಡಿದು, ಮೇಲೆ ಹೊಸ ಗ್ರಿಪ್ ಹಾಕಿದೆವು. ಬ್ರೇಕ್ ಲಿವರ್ ಚಿಕ್ಕ ಬೆರಳಿಗೆ ಎಟಕುವುದಿಲ್ಲ, ಮಕ್ಕಳು ಚಪ್ಪಲಿಯಲ್ಲೇ ಸೈಕಲ್ ನಿಲ್ಲಿಸುವುದು ಅದಕ್ಕೇ. ಲಿವರಿನಲ್ಲಿ ಸಣ್ಣ ಸ್ಕ್ರೂ ಇದ್ದರೆ ಒಳಕ್ಕೆ ತಿರುಗಿಸಿ, ಇಲ್ಲದಿದ್ದರೆ ಲಿವರ್ ಬದಲಿಸಿ.

ಎಂಟೂ ಒಂದೇ ಥರ ಕಂಡರೂ ಒಂದೇ ಥರ ಓಡಲಿಲ್ಲ. ಕಂಡುಹಿಡಿದದ್ದು ಮಕ್ಕಳೇ: "ಸಾರ್, ಆ ಕೆಂಪು ಸೈಕಲ್ ಬೇಡ, ಬರೀ ತುಳಿಸ್ಕೊಳ್ಳುತ್ತೆ." ಚೈನು ಓಡುವ ಹಲ್ಲುಚಕ್ರಗಳ ಹಲ್ಲು ಎಣಿಸಿದರೆ ಉಳಿದವಕ್ಕೆ ಮುಂದೆ 36, ಹಿಂದೆ 16. ಕೆಂಪು ಸೈಕಲ್ಲಿಗೆ ಹಿಂದೆ 18. ಪೆಡಲ್ ಒಂದು ಪೂರ್ತಿ ಸುತ್ತಿಗೆ ಚಕ್ರ ಎಷ್ಟು ದೂರ ಹೋಗುತ್ತದೆ ಅಂತ ನೆಲದ ಮೇಲೆ ಟೇಪ್ ಹಿಡಿದು ಅಳೆದೆ. ಉಳಿದವು ಮೂರೂವರೆ ಮೀಟರ್ ಹತ್ತಿರ, ಕೆಂಪು ಮೂರು ಚಿಲ್ಲರೆ. ಫ್ರೀವೀಲ್ ಬದಲಿಸಿದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಅಂತರರಾಷ್ಟ್ರೀಯ ಜೂನಿಯರ್ ರೇಸ್‌ಗಳಲ್ಲಿ ಇದೇ ಅಳತೆಗೆ 7.93 ಮೀಟರ್ ಅಂತ ಮಿತಿ ಬಹಳ ವರ್ಷ ಇತ್ತು, 2023ರಲ್ಲಿ ತೆಗೆದರು. ನಮ್ಮಲ್ಲಿ ಮುಂದುವರಿಯುತ್ತದೆ. ನಾಲ್ಕಕ್ಕೆ ನೀಲಿ ಟೇಪ್, ನಾಲ್ಕಕ್ಕೆ ಹಳದಿ, ಯಾರಿಗೆ ಯಾವುದು ಅಂತ ಟಾಸ್.

24 ಇಂಚಿನದನ್ನೂ ಮಾಡಿ ನೋಡಿದೆ, ಬಿಟ್ಟೆ. ಆರು ಏಳನೇ ಕ್ಲಾಸು ಸೇರಿದರೆ ಎತ್ತರದ ವ್ಯತ್ಯಾಸ ವಿಪರೀತ, ಪ್ರತಿ ಓಟಕ್ಕೂ ಸೀಟು ಏರಿಸಿ ಇಳಿಸುವುದರಲ್ಲೇ ಹೊತ್ತು ಹೋಗುತ್ತದೆ. ಈಗ ಮೂರರಿಂದ ಆರನೇ ಕ್ಲಾಸು ಮಾತ್ರ. 20 ಇಂಚಿಗೂ ಸೀಟಿನ ಬೋಲ್ಟ್ ತೆಗೆದು, ಕೈಯಲ್ಲೇ ಬಿಚ್ಚುವ ಕ್ಲಾಂಪ್ ಹಾಕಿಸಿದೆ. ನೂರೈವತ್ತು ರೂಪಾಯಿಯ ಸಾಮಾನು, ಒಂದು ಬೆಳಗ್ಗೆಗೆ ಮುಕ್ಕಾಲು ಗಂಟೆ ಉಳಿಸುತ್ತದೆ. ಒಂದನೇ ಎರಡನೇ ಕ್ಲಾಸಿನ ಮಕ್ಕಳು ಅಕ್ಕನ ಜೊತೆ ಬಂದಿರುತ್ತಾರೆ. ಅವರಿಗೆ ಕೊನೆಯಲ್ಲಿ ಅವರವರ ಪುಟ್ಟ ಸೈಕಲ್ಲಲ್ಲಿ ಒಂದು ಸುತ್ತು, ಒಂದು ಬಾಳೆಹಣ್ಣು. ಅಂಕ ಗಿಂಕ ಇಲ್ಲ.

ಹೆಲ್ಮೆಟ್ ಕೂಡ ಎಲ್ಲರಿಗೂ ಸೇರಿ ಹತ್ತೇ. ನಾನೂರೈವತ್ತರ ಮಾಲು. ಎರಡನೇ ವಾರವೇ ಒಬ್ಬ ತಾಯಿ ಗೇಟಿಗೆ ಬಂದರು: "ಸಾರ್, ನಿಮ್ಮ ಟೋಪಿಯಿಂದ ನಮ್ಮ ಹುಡುಗಿ ತಲೆ ತುಂಬ ಹೇನು." ಯಾರ ತಲೆಯಿಂದ ಯಾರಿಗೆ ಹೋಯಿತು ಅಂತ ವಾದ ಮಾಡಿ ಗೆಲ್ಲುವುದಕ್ಕಾಗುತ್ತದೆಯೇ? ಪ್ರತಿ ಮಗು ಒಂದು ಕಾಟನ್ ಕರ್ಚೀಫ್ ತಲೆಗೆ ಕಟ್ಟಿಕೊಂಡೇ ಹೆಲ್ಮೆಟ್ ಹಾಕಬೇಕು ಅಂತ ನಿಯಮವಾಯಿತು. ಈಗ ಶಾಲೆಗೊಂದು ಬಣ್ಣದ ಕರ್ಚೀಫ್, ಅದೇ ಯೂನಿಫಾರಂ. ದೂರದಿಂದ ತಂಡ ಗುರುತಿಸುವುದಕ್ಕೂ ಅದೇ ಆಯಿತು, ಎದೆಗೆ ನಂಬರ್ ಅಂಟಿಸುವ ಖರ್ಚು ತಪ್ಪಿತು.

ಖಾಲಿ ಲೇಔಟ್ ಅಂದಮೇಲೆ ಬಳ್ಳಾರಿ ಜಾಲಿ, ನೆಗ್ಗಿಲ ಮುಳ್ಳು ಎರಡೂ ಇರುತ್ತವೆ. ಮೊದಮೊದಲು ಒಂದೊಂದು ಬೆಳಗ್ಗೆ ಎಂಟ್ಹತ್ತು ಪಂಕ್ಚರ್. ಗುಡಿಸಿದರೂ ಅಷ್ಟೇ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿಗೂ ಹೊಸ ಟ್ಯೂಬಿಗೂ ಮಧ್ಯೆ ಹಾಸಿದ ಮೇಲೆ ಒಂದೆರಡಕ್ಕೆ ಇಳಿಯಿತು. ಸೀಳಿದ ಅಂಚನ್ನು ಉಜ್ಜಿ ತೆಳ್ಳಗೆ ಮಾಡದಿದ್ದರೆ ಆ ಅಂಚೇ ಟ್ಯೂಬನ್ನು ಕೊರೆಯುತ್ತದೆ. ತಿರುವುಗಳಲ್ಲಿ ಸೈಟು ಕಲ್ಲಿಗೆ ಮರೆಯಾಗಿ ಗೋಣಿಚೀಲ ಜೋಡಿಸಿದೆವು. ಮೊದಲು ರೈಸ್ ಮಿಲ್ಲಿನ ಹೊಟ್ಟು ತುಂಬಿಸಿದ್ದೆ. ಇಬ್ಬನಿಗೆ ನೆನೆದು ಗಟ್ಟಿಯಾಯಿತು, ಅದಕ್ಕೆ ಗುದ್ದುವುದೂ ಕಲ್ಲಿಗೆ ಗುದ್ದುವುದೂ ಒಂದೇ. ಮೆಕ್ಕೆಜೋಳದ ರವದಿ ತುಂಬಿದ ಮೇಲೆ ಸರಿಹೋಯಿತು, ಒತ್ತಿದರೆ ಹಿಂದಕ್ಕೆ ಪುಟಿಯುತ್ತದೆ.

ಮೆಕ್ಕೆಜೋಳ ಅಂದಾಗ ನೆನಪಾಯಿತು: ದೀಪಾವಳಿ ಆದ ಮೇಲೆ ಶುರು ಮಾಡಲು ಹೋಗಬೇಡಿ. ಡಾಂಬರು ಕಂಡಲ್ಲೆಲ್ಲ ರೈತರು ಕಾಳು ಒಣ ಹಾಕಿರುತ್ತಾರೆ, ಅವರನ್ನು ಏಳಿಸುವುದು ನಮ್ಮ ಕೆಲಸವಲ್ಲ. ತೆಗೆದ ಮೇಲೂ ಅಲ್ಲಲ್ಲಿ ಉಳಿದ ಕಾಳು ಚಕ್ರದ ಕೆಳಗೆ ಬೇರಿಂಗ್ ಬಾಲ್ಸಿನಂತೆ ಉರುಳುತ್ತದೆ. ನಾವು ಸಂಕ್ರಾಂತಿ ಕಳೆದ ಭಾನುವಾರ ಆರಂಭಿಸಿ ಆರು ವಾರದಲ್ಲಿ, ಪರೀಕ್ಷೆಯ ಗಲಾಟೆಗೆ ಮುಂಚೆ, ಮುಗಿಸುತ್ತೇವೆ. ಬೆಳಗ್ಗೆ ಏಳಕ್ಕೆ ಮೊದಲ ಓಟ, ಎಂಟೂವರೆಯೊಳಗೆ ಖಾಲಿ.

ತಾಲೀಮು ಮಾತ್ರ ಆಷಾಢದಲ್ಲೇ. ಆ ಗಾಳಿಗೆ ಎದುರಾಗಿ ಒಂಟಿಯಾಗಿ ತುಳಿದ ಮಗುವಿಗೆ ಮುಂದಿನವನ ಮರೆ ಎಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಚಕ್ರಕ್ಕೆ ಚಕ್ರ ತಾಗದಂತೆ ಅರ್ಧ ಸೈಕಲ್ ಅಂತರ ಬಿಡುವುದನ್ನಷ್ಟೇ ಕಲಿಸಿದೆ. ಉಳಿದದ್ದನ್ನು ಅವರೇ ಕಂಡುಕೊಂಡರು. ಒಂದು ಓಟದಲ್ಲಿ ನಮ್ಮ ತಂಡದ ಕೊನೇ ಹುಡುಗನ ಚೈನು ಕಳಚಿತು. ಹಾಕಿಕೊಂಡು ಹೊರಡುವಷ್ಟರಲ್ಲಿ ಉಳಿದವರು ಅರ್ಧ ಸುತ್ತು ಮುಂದೆ. ಆ ಐದನೇ ಕ್ಲಾಸಿನ ಹುಡುಗಿ ಇಬ್ಬರನ್ನು ಗೆರೆ ದಾಟಲು ಬಿಟ್ಟು, ತಾನು ಗೆರೆಗೆ ಇಪ್ಪತ್ತು ಮಾರು ಮೊದಲೇ ಕಾಲೂರಿ ನಿಂತಳು. ಅವನು ಹತ್ತಿರ ಬಂದಾಗ "ನನ್ನ ಹಿಂದಿಂದೇ ಬಾರೋ, ಆಚೀಚೆ ನೋಡಬೇಡ" ಅಂತ ಮುಂದೆ ಗಾಳಿಗೆ ಎದೆಕೊಟ್ಟು ಕರಕೊಂಡು ಬಂದಳು. ಇಪ್ಪತ್ತು ಮಾರಿನಲ್ಲಿ ಎಷ್ಟು ಲಾಭವಾಯಿತೋ, ಆ ಓಟ ಸೋತೆವು. ಎದುರು ಶಾಲೆಯ ಮೇಡಂ ಬಂದು ಇದು ನಿಯಮದಲ್ಲಿದೆಯಾ ಅಂತ ಕೇಳಿದರು. ಮುಂದಿನ ವಾರ ಅವರ ಮಕ್ಕಳೂ ಅದನ್ನೇ ಮಾಡಿದರು.

ಜೋಡಿ ಹಾಕುವುದು ಚೆಸ್ಸಿನ ಸ್ವಿಸ್ ಪದ್ಧತಿಯಲ್ಲಿ, ಸಮ ಅಂಕದವರು ಸಮ ಅಂಕದವರಿಗೆ. ಗೆದ್ದರೆ ಎರಡು, ಸೋತರೆ ಸೊನ್ನೆ. ಜೊತೆಗೆ ತಮ್ಮದೇ ಹಿಂದಿನ ವಾರದ ಸಮಯ ಮುರಿದರೆ ಒಂದು. ಕೊನೇ ಸ್ಥಾನದ ಶಾಲೆಗಳು ಬರುತ್ತಲೇ ಇರುವುದು ಆ ಒಂದಕ್ಕೆ. ಮೊದಲ ವಾರದ ಜೋಡಿ ಹಾಕುವುದರಲ್ಲಿ ಒಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ.

ಲೆಕ್ಕ ಕೇಳುವವರಿಗೆ: ಸೈಕಲ್ಲಿಗೆ ಹದಿನಾಲ್ಕು ಸಾವಿರ, ಹೆಲ್ಮೆಟ್ ನಾಲ್ಕೂವರೆ, ಟ್ಯೂಬು, ಕ್ಲಾಂಪು, ಟೇಪು ಅಂತ ಎರಡು, ಬಾಳೆಹಣ್ಣು, ಮಂಡಕ್ಕಿ ಇನ್ನೆರಡು. ಶಾಲೆಗೆ ಮುನ್ನೂರರಂತೆ ಮೂರು ಸಾವಿರ ಬಂತು. ಎಪಿಎಂಸಿಯ ಒಬ್ಬ ವರ್ತಕರು ಐದು ಕೊಟ್ಟರು. ಫ್ಲೆಕ್ಸಿನಲ್ಲಿ ಫೋಟೋ ಬೇಡವೇ ಅಂದದ್ದಕ್ಕೆ ಫ್ಲೆಕ್ಸೇ ಇಲ್ಲ ಅಂದೆ, ನಕ್ಕು ಸುಮ್ಮನಾದರು. ಹಳೇ ವಿದ್ಯಾರ್ಥಿಗಳಿಂದ ಎಂಟು. ಉಳಿದ ಆರು ಚಿಲ್ಲರೆ ನನ್ನ ಕೈಯಿಂದ, ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಇನ್ನು ಮುಂದೆ ವರ್ಷಕ್ಕೆ ಐದು ಸಾವಿರದಲ್ಲಿ ನಡೆಯುತ್ತದೆ, ಸೈಕಲ್ಲು ಇವೆಯಲ್ಲ.

ಹರಿಹರದವರು, ಚಿತ್ರದುರ್ಗದವರು ಶುರು ಮಾಡುತ್ತೇವೆ ಅಂದಿದ್ದಾರೆ. ಗುಜರಿಯಲ್ಲಿ ಸೈಕಲ್ ಆರಿಸುವಾಗ ಬಣ್ಣ, ಟೈರು ನೋಡಬೇಡಿ, ಅವು ಹೇಗೂ ಹೋಗುವವೇ. ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನು ಪಕ್ಕದಿಂದ ನೋಡಿ. ಗೋಡೆಗೆ ಗುದ್ದಿದ ಸೈಕಲ್ಲಾದರೆ ಅದು ಹಿಂದಕ್ಕೆ ಬಾಗಿರುತ್ತದೆ, ಹ್ಯಾಂಡಲ್ ಕೆಳಗಿನ ಬೆಸುಗೆಯ ಹತ್ತಿರ ಬಣ್ಣ ಸುಕ್ಕುಗಟ್ಟಿರುತ್ತದೆ. ಅಂಥದ್ದು ನೂರು ರೂಪಾಯಿಗೆ ಕೊಟ್ಟರೂ ಬೇಡ.