ಅಂಗೈಯಲ್ಲಿ ಕಾದವನು

ಎಂಟನೆಯ ವಯಸ್ಸಿನಲ್ಲಿ ನನಗೆ ಲಿಂಗದೀಕ್ಷೆಯಾಯಿತು. ಮೈಮೇಲೆ ಧರಿಸುವ ಪುಟ್ಟ ಇಷ್ಟಲಿಂಗವನ್ನು ಇಡುವ ಕರಡಿಗೆ ಕೊರಳಿಗೆ ಬಂತು, ಪೂಜೆ ರೂಢಿಯಾಗಲಿಲ್ಲ. ಓದು, ನೌಕರಿ, ಬೇರೆ ಊರು ಎನ್ನುತ್ತ ವಾರಗಟ್ಟಲೆ ಕರಡಿಗೆಯನ್ನು ತೆರೆಯದೇ ಕಳೆದೆ. ಅಪ್ಪ ಲಿಂಗೈಕ್ಯರಾದ ಮೇಲೆ, ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಕೂತೆ.

ವಿಧಾನ ಸರಳ. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಕ್ಕೆ ಮಜ್ಜನ ಮಾಡಿಸಿ, ಪತ್ರೆಯಿಂದ ಅರ್ಚಿಸುತ್ತೇನೆ. ಆಮೇಲೆ ಎಡ ಅಂಗೈಯಲ್ಲಿ ಲಿಂಗವನ್ನು ಕಣ್ಣಿನ ನೇರಕ್ಕೆ ಹಿಡಿಯುತ್ತೇನೆ. ದೀಪ ಹೆಗಲ ಹಿಂದಿದ್ದರೆ ಕಪ್ಪು ಲೇಪದ ಮೇಲೆ ಎಳ್ಳುಕಾಳಿನಷ್ಟು ಬೆಳಕು ಮೂಡುತ್ತದೆ. ಅದನ್ನೇ ಎವೆಯಿಕ್ಕದೆ ನೋಡುತ್ತ ‘ಓಂ ನಮಃ ಶಿವಾಯ’ ಎಂದು ಮನಸ್ಸಿನಲ್ಲೇ ಜಪಿಸಬೇಕು.

ಮೊದಲ ದಿನವೇ ಒಂದು ಗಂಟೆ ಕೂರಲು ಹೋಗಿ ವಾರದೊಳಗೆ ಬಿಟ್ಟೆ. ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು, ಐದು ನಿಮಿಷಕ್ಕೆ ತೋಳಿಗೆ ಜೋಮು. ಮನಸ್ಸು ಮನೆಸಾಲದ ಕಂತಿನ ಲೆಕ್ಕಕ್ಕೆ ಓಡುತ್ತಿತ್ತು. ಕೈ ಕೂದಲೆಳೆಯಷ್ಟು ಅಲುಗಿದರೂ ಆ ಬೆಳಕು ಜಾರುತ್ತದೆ. ಅದರ ಮುಂದೆ ಸುಳ್ಳು ನಡೆಯುವುದಿಲ್ಲ.

ಮತ್ತೆ ಹತ್ತು ನಿಮಿಷದಿಂದ ಆರಂಭಿಸಿದೆ. ಮೊಣಕೈ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಂಡೆ. ತಿಂಗಳಿಗೆ ಎರಡೇ ನಿಮಿಷ ಹೆಚ್ಚಿಸಿದೆ. ಜ್ವರ ಬಂದಾಗ, ರೈಲಿನಲ್ಲಿದ್ದಾಗ, ಬಾಟಲಿ ನೀರಿನಲ್ಲೇ ಮಜ್ಜನ ಮಾಡಿಸಿ ಕಣ್ಣಿಗೊತ್ತಿಕೊಂಡೆ. ಚಿಕ್ಕದಾದರೂ ಸರಿ, ತಪ್ಪಬಾರದು ಎಂಬುದೊಂದನ್ನು ಹಟದಿಂದ ಹಿಡಿದೆ. 12ನೆಯ ಶತಮಾನದ ಶರಣರು ದೇವರನ್ನು ಅವರವರ ಅಂಗೈಗೇ ಕೊಟ್ಟರು. ನಡುವೆ ಪೂಜಾರಿಯಿಲ್ಲ, ಬಾಗಿಲು ಮುಚ್ಚುವ ಗುಡಿಯಿಲ್ಲ. ಹಾಗಾಗಿ ನನಗೆ ನೆಪವೂ ಇರಲಿಲ್ಲ.

ಆದರೂ ನಾಲ್ಕು ತಿಂಗಳಾದ ಮೇಲೆ ಸೋತು, “ಅವ್ವಾ, ಒಳಗೆ ಏನೂ ಆಗುತ್ತಿಲ್ಲ” ಎಂದೆ.

ಬತ್ತಿ ಹೊಸೆಯುತ್ತಿದ್ದ ಅವ್ವ ತಲೆಯೆತ್ತಲಿಲ್ಲ. “ಮೂವತ್ತಮೂರು ವರ್ಷ ಅವನು ನಿನ್ನ ಎದೆಯ ಮೇಲೇ ಕೂತು ಕಾದ. ನಿನಗೆ ನಾಲ್ಕು ತಿಂಗಳು ಹೆಚ್ಚಾಯಿತೇ, ತಮ್ಮಾ?”

ಆ ರಾತ್ರಿ ನಾನು ಅತ್ತೆ. ನಾನು ಅವನನ್ನು ಹುಡುಕುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ! ಮರುದಿನದಿಂದ ಏನನ್ನೂ ಕೇಳದೆ ಕೂತೆ.

ಈಗ ಒಂಬತ್ತನೆಯ ವರ್ಷ. ಕೆಲವು ಬೆಳಗು ಆ ಬೆಳಕು ನಾಲ್ಕಾರು ಉಸಿರಿನಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ. ಆಗ ಜಪವೂ ತಾನಾಗಿ ನಿಲ್ಲುತ್ತದೆ. ಮತ್ತೆ ಜಾರುತ್ತದೆ, ಮತ್ತೆ ಹಿಡಿಯುತ್ತೇನೆ.

ಅವ್ವನ ಕೈಗೆ ಈಗ ನಡುಕ ಬಂದಿದೆ. ನನ್ನ ಪೂಜೆ ಮುಗಿದ ಮೇಲೆ ಅವಳ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟು ಕೂರುತ್ತೇನೆ. ಪೂಜೆ ಅವಳದೇ. ಅವಳ ಲಿಂಗದ ಮೇಲಿನ ಬೆಳಕು ನಡುಗುತ್ತಲೇ ಇರುತ್ತದೆ. ಅವಳ ಕಣ್ಣು ಮಾತ್ರ ಅದರ ಜೊತೆಗೇ ಹೋಗುತ್ತದೆ, ಒಮ್ಮೆಯೂ ತಪ್ಪುವುದಿಲ್ಲ.