ಬಣ್ಣ ಮೊದಲೋ, ಎಂಜಿನ್ ಮೊದಲೋ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಕ್ರೋಮಿಯಂ (ಗೂಗಲ್ ಕ್ರೋಮ್‌ಗೆ ತಳಪಾಯವಾದ ಮುಕ್ತ ತಂತ್ರಾಂಶ) ಮೇಲೆ ಸಣ್ಣ ಬ್ರೌಸರ್ ಕಟ್ಟಿಕೊಟ್ಟಿದ್ದೆ. ಟ್ಯಾಬು, ಮೆನು, ಮೇಲಿನ ಪಟ್ಟಿ ಎಲ್ಲ ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ರೂಪ ಕೊಡುವ ಸಿಎಸ್‌ಎಸ್‌ನಲ್ಲೇ. ಹೋದ ಬೇಸಿಗೆಯಲ್ಲಿ ಅದರ ಮುಖ, ಅಂದರೆ ಕಣ್ಣಿಗೆ ಕಾಣುವ ವಿನ್ಯಾಸ, ಬದಲಿಸಲು ಕೂತವನು, ಜೊತೆಗೇ ವೇಗವೂ ಬರಲಿ ಅಂತ ಜಿಪಿಯು ರಾಸ್ಟರ್ (ಪುಟ ಬಿಡಿಸುವ ಕೆಲಸವನ್ನು ಸಿಪಿಯು ಬದಲು ಗ್ರಾಫಿಕ್ಸ್ ಚಿಪ್‌ಗೆ ಕೊಡುವುದು) ಆನ್ ಮಾಡಿ, ಆ ಚಿಪ್ ನಡೆಸುವ ಹಳೆ ಡ್ರೈವರ್‌ಗಳಿಗೆ ಕ್ರೋಮಿಯಂ ತಾನೇ ಹಾಕಿದ್ದ ತಡೆಯನ್ನೂ ಕಿತ್ತುಹಾಕಿ, ಎಲ್ಲವನ್ನೂ ಒಂದೇ ಅಪ್‌ಡೇಟ್‌ನಲ್ಲಿ ತುರುಕಿದೆ. ದಡ್ಡ ಕೆಲಸ.

ಮರುದಿನವೇ ಫೋನು. "ಹಳೇದೇ ಚಲೋ ಇತ್ತ್ರಿ ಸರ್." ಕೆಲವು ಕಡೆ ಟ್ಯಾಬ್ ತೆರೆದರೆ ಜರ್ಕ್, ಎರಡು ಕಂಪ್ಯೂಟರ್‌ಗಳಲ್ಲಿ ಪರದೆಯೇ ಕಪ್ಪು. ಯಾವುದರಿಂದ ಏನು ಕೆಟ್ಟಿತು ಅಂತ ಹೇಳೋಕೇ ಆಗಲಿಲ್ಲ, ಎರಡೂ ಒಂದೇ ದಿನ ಬದಲಾಗಿದ್ದವಲ್ವಾ.

ಎಲ್ಲ ವಾಪಸ್ ತೆಗೆದೆ. ಆಗ ಫೈರ್‌ಫಾಕ್ಸ್‌ನವರು ಮಾಡಿದ್ದು ನೆನಪಾಯಿತು. 2017ರ ನವೆಂಬರ್‌ನಲ್ಲಿ ಬಂದ 57ನೇ ಆವೃತ್ತಿಯಲ್ಲಿ ಫೋಟಾನ್ ಎಂಬ ಹೊಸ ಮುಖ ಕೊಟ್ಟರು, ಜೊತೆಗೆ ಸಿದ್ಧವಾಗಿದ್ದ ಹೊಸ ಸಿಎಸ್‌ಎಸ್ ಎಂಜಿನ್ ಸ್ಟೈಲೋ. ಚಿತ್ರ ಬಿಡಿಸುವ ವೆಬ್‌ರೆಂಡರ್ ಮಾತ್ರ ತಡೆದಿಟ್ಟರು. ಅದು 2019ರ ಮೇ ತಿಂಗಳಲ್ಲಿ, 67ನೇ ಆವೃತ್ತಿಯಲ್ಲಿ, ಅದೂ ಮೊದಲು ಎನ್ವಿಡಿಯಾ ಕಾರ್ಡಿನ ವಿಂಡೋಸ್ 10 ಡೆಸ್ಕ್‌ಟಾಪ್‌ಗಳಿಗಷ್ಟೇ ಬಂತು. ಅದಕ್ಕಾಗಿ ಹೊಸ ಮುಖ ಕಾಯಲಿಲ್ಲ.

ನಾನೂ ಜಿಪಿಯು ಸುದ್ದಿ ಬಿಟ್ಟು ಮುಖವನ್ನಷ್ಟೇ ಹಿಡಿದೆ. 60 ಹರ್ಟ್ಸ್ ಪರದೆ ಅಂದರೆ ಸೆಕೆಂಡಿಗೆ 60 ಚಿತ್ರ, ಒಂದು ಚಿತ್ರಕ್ಕೆ (ಫ್ರೇಮಿಗೆ) ಸಿಗುವುದು ಸುಮಾರು 16.7 ಮಿಲಿಸೆಕೆಂಡ್; ಮೀರಿದರೆ ಜರ್ಕ್. ನನ್ನ ಟ್ಯಾಬ್ ಅಗಲವಾಗುತ್ತಾ ತೆರೆಯುತ್ತಿತ್ತು. ವಿಡ್ತ್ ಬದಲಾದಾಗಲೆಲ್ಲ ಪಕ್ಕದ ಟ್ಯಾಬುಗಳ ಲೆಕ್ಕವನ್ನೂ ಬ್ರೌಸರ್ ಮತ್ತೆ ಹಾಕಬೇಕು, ಮತ್ತೆ ಬಣ್ಣ ಬಳಿಯಬೇಕು, ಅದೂ ಜಾವಾಸ್ಕ್ರಿಪ್ಟ್ ಓಡುವ ಅದೇ ಮೇನ್ ಥ್ರೆಡ್ ಎಂಬ ಕೆಲಸದ ಸಾಲಿನಲ್ಲಿ. ವಿಡ್ತ್ ಬಿಟ್ಟು ಟ್ರಾನ್ಸ್‌ಫಾರ್ಮ್ (ಸರಿಸುವುದು, ಹಿಗ್ಗಿಸುವುದು), ಒಪ್ಯಾಸಿಟಿಗೆ (ಪಾರದರ್ಶಕತೆ) ಬಂದೆ. ಅವೆರಡನ್ನು ಕಂಪೋಸಿಟರ್, ಅಂದರೆ ಬಿಡಿಸಿಟ್ಟ ಪದರಗಳನ್ನು ಪರದೆಗೆ ಜೋಡಿಸುವ ಭಾಗ, ಬೇರೆ ಥ್ರೆಡ್‌ನಲ್ಲೇ ನೋಡಿಕೊಳ್ಳುತ್ತದೆ. ಮೆನುವಿನ ಹಿಂದಿನ ಬ್ಲರ್ ಕಿತ್ತೆಸೆದೆ. ನೋಡೋಕೆ ಚೆಂದವೇ ಇತ್ತು, ಆದರೆ ಜಿಪಿಯು ಇಲ್ಲದಾಗ ಅದರ ಹೊರೆ ಪೂರ್ತಿ ಸಿಪಿಯು ತಲೆ ಮೇಲೆ.

ಪರೀಕ್ಷೆ ಮಧ್ಯಾಹ್ನ ಮೂರಕ್ಕೇ ಮಾಡಿದೆ, ಬೇಕಂತಲೇ. ಮೇ ತಿಂಗಳ ನಮ್ಮ ಬಿಸಿಲಿಗೆ ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಸಲೀಸಾಗಿ ಓಡಿದ್ದು ಆಗ ಕುಂಟುತ್ತದೆ.

ಹೊಸ ಮುಖ ನಿಂತ ಮೇಲೆ, ತಿಂಗಳು ಬಿಟ್ಟು, ಮೂರು ಕಂಪ್ಯೂಟರ್‌ಗಳಲ್ಲಿ ಮಾತ್ರ ಜಿಪಿಯು ರಾಸ್ಟರ್ ಆನ್ ಮಾಡಿದೆ, ಆಮೇಲೆ ಒಂದೊಂದಾಗಿ ಉಳಿದವು. ಕಪ್ಪಾಗಿದ್ದ ಆ ಎರಡರಲ್ಲಿ ಇವತ್ತಿಗೂ ಆಫ್. ಅಲ್ಲಿ ಕೂರುವ ಹುಡುಗರಿಗೆ ಅದು ಗೊತ್ತೇ ಇಲ್ಲ.