ತುಮಕೂರಿಗೆ ಓದಲು ಬಂದಿದ್ದೀರಾ? ಮೊದಲ ಸೆಮಿಸ್ಟರ್ ಹೀಗೆ ದಾಟಿ

ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಆಸುಪಾಸು. ಬೆಳಗಿನ ಬಸ್ಸಿಗೆ ಬಂದು ನಿದ್ದೆಗಣ್ಣಲ್ಲೇ ಇಳಿದು, ಬಿ.ಎಚ್. ರಸ್ತೆಯಲ್ಲಿ ನಿಂತು ‘ಯೂನಿವರ್ಸಿಟಿಗೆ ಯಾವ ಕಡೆ ಹೋಗ್ಬೇಕಣ್ಣಾ’ ಎಂದು ಆಟೋದವರನ್ನು ಕೇಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ನಾನೂ ಮಧುಗಿರಿ ಕಡೆಯ ಹಳ್ಳಿಯಿಂದ ಹೀಗೇ ಬಂದವನು. ಈಗ ಇಲ್ಲೇ ಪಾಠ ಮಾಡುತ್ತೇನೆ. ಊರಿಂದ ಬಂದ ಮಕ್ಕಳಿಗೆ ತಲೆ ಚೆನ್ನಾಗೇ ಇರುತ್ತದೆ. ಕೇಳುವುದಕ್ಕೆ ಮಾತ್ರ ಸಂಕೋಚ. ಕ್ಲರ್ಕ್ ಏನಂತಾರೋ, ಮೇಡಂ ಬೈತಾರೋ, ಪಕ್ಕದವರು ನಗ್ತಾರೋ ಎಂದು ಸುಮ್ನೆ ಇದ್ದುಬಿಡುತ್ತಾರೆ. ಅಲ್ಲೇ ಪೆಟ್ಟು ಬೀಳುವುದು. ಯಾವಾಗ, ಯಾರ ಹತ್ತಿರ, ಏನು ಕೇಳಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

1. ಊರು ಬಿಡುವ ಮೊದಲು ಕಾಗದ ಪತ್ರ ಸರಿ ಮಾಡಿಕೊಳ್ಳಿ

ಒಂದು ಪ್ಲಾಸ್ಟಿಕ್ ಫೈಲ್ ತಗೊಳ್ಳಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿ.ಸಿ., ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಹತ್ತು ಫೋಟೋ, ಎಲ್ಲದರದ್ದೂ ಜೆರಾಕ್ಸ್. ಆಮೇಲೆ ಅಂಕಪಟ್ಟಿಯನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಬಹುದು. ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಆಗಿರಬಹುದು. ಆಧಾರ್ ತಿದ್ದಿಸುವುದಿದ್ದರೆ ಈಗಲೇ ತಿದ್ದಿಸಿ.

ನಾಡಕಚೇರಿಯಲ್ಲಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಅದನ್ನೇ ಕೇಳುವುದು. ಅವಧಿ ಮುಗಿದಿದ್ದರೆ ಊರಿನಲ್ಲಿರುವಾಗಲೇ ಹೊಸದಕ್ಕೆ ಅರ್ಜಿ ಹಾಕಿ. ತರಗತಿ ಶುರುವಾದ ಮೇಲೆ ಇದಕ್ಕಾಗಿ ಹೋಗಿ ಬರುವುದೆಂದರೆ ಎರಡು ದಿನದ ಪಾಠ ಹೋದಂತೆ.

ಬ್ಯಾಂಕಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. ವಿದ್ಯಾರ್ಥಿವೇತನ ಬರುವುದು ನಿಮ್ಮ ಕೈಯಲ್ಲಿರುವ ಪಾಸ್‌ಬುಕ್‌ಗೆ ಅಂತ ಅಂದುಕೊಳ್ಳಬೇಡಿ. ಯಾವ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೋ ಅದಕ್ಕೆ ದುಡ್ಡು ಹೋಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ‘ಎಲ್ಲರಿಗೂ ಬಂತು ಸರ್, ನಂಗೆ ಮಾತ್ರ ಬರಲಿಲ್ಲ’ ಎಂದು ಮೂರು ತಿಂಗಳು ಕೊರಗಿದಳು. ಕೊನೆಗೆ ನೋಡಿದರೆ, ಹೈಸ್ಕೂಲಿನಲ್ಲಿದ್ದಾಗ ಅವಳಮ್ಮ ಮಾಡಿಸಿದ್ದ ಹಳೇ ಖಾತೆಗೆ ಹಣ ಬಂದು ಕೂತಿತ್ತು. ಬ್ಯಾಂಕಿಗೆ ಹೋಗಿ ‘ನನ್ನ ಆಧಾರ್ ಯಾವ ಖಾತೆಗೆ ಸೀಡಿಂಗ್ ಆಗಿದೆ, ನೋಡಿ ಹೇಳ್ತೀರಾ’ ಎಂದು ಕೇಳಿ. ಐದು ನಿಮಿಷದ ಕೆಲಸ.

2. ಮೊದಲ ವಾರ: ಕ್ಯಾಂಪಸ್ ಯಾವುದು, ರೂಮು ಎಲ್ಲಿ

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾದದ್ದು ಬಿ.ಎಚ್. ರಸ್ತೆಯಲ್ಲಿ. ಈಗ ಊರಾಚೆ ಬಿದರಕಟ್ಟೆಯಲ್ಲೂ ಕ್ಯಾಂಪಸ್ ಇದೆ. ಅಡ್ವಾನ್ಸ್ ಕೊಟ್ಟು ರೂಮು ಹಿಡಿಯುವ ಮೊದಲು ನಿಮ್ಮ ವಿಭಾಗದ ತರಗತಿ ಎಲ್ಲಿ ನಡೆಯುತ್ತದೆ ಎಂದು ಆಫೀಸಿನಲ್ಲಿ ಕೇಳಿ.

ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಕರೆದ ದಿನವೇ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಇದೆ. ಊಟ, ವಸತಿಗೆ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ನೆರವು ಸಿಗುತ್ತದೆ. ಇದು ಯಾರ ಉಪಕಾರವೂ ಅಲ್ಲ, ಧೈರ್ಯವಾಗಿ ಕೇಳಿ. ಪರ ಊರಿನ ಮಕ್ಕಳಿಗೆ ಅನ್ನ ಹಾಕಿ ಓದಿಸಿದ ಊರು ಇದು. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗಾ ಮಠದಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಅಲ್ಲೇ ಇದ್ದು ಓದುತ್ತಿದ್ದಾರೆ.

ದಿನಾ ಓಡಾಡುವ ಹುಡುಗರು ಬಸ್ ಪಾಸ್ ಮಾಡಿಸಿ. ಹುಡುಗಿಯರಿಗೆ ಶಕ್ತಿ ಯೋಜನೆಯಿದೆ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮ ಮಾರ್ಗದಲ್ಲಿ ಖಾಸಗಿ ಬಸ್ಸೇ ಜಾಸ್ತಿ ಇದ್ದರೆ ತಿಂಗಳ ಖರ್ಚಿನಲ್ಲಿ ಟಿಕೆಟ್ ಹಣವನ್ನೂ ಸೇರಿಸಿ.

3. ಮೊದಲ ತಿಂಗಳು: ಹಾಜರಾತಿಯ ಲೆಕ್ಕ ನೀವೇ ಇಡಿ

ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಾತಿ ಬೇಕು. ಇದು ಎಲ್ಲರಿಗೂ ಗೊತ್ತು. ಲೆಕ್ಕ ಹಾಕುವವರು ಕಡಿಮೆ.

ಒಂದು ವಿಷಯಕ್ಕೆ ವಾರಕ್ಕೆ 4 ತರಗತಿ, 16 ವಾರ ಪಾಠ ಅಂತ ಇಟ್ಟುಕೊಳ್ಳಿ. ಒಟ್ಟು 64. ಅದರಲ್ಲಿ 48 ಹಾಜರಿ ಬೇಕೇಬೇಕು, ತಪ್ಪಿಸಬಹುದಾದದ್ದು 16. ಶನಿವಾರ ಊರಿಗೆ ಹೋಗಿ, ಸೋಮವಾರ ಬೆಳಗಿನ ಬಸ್ಸಿಗೆ ಹೊರಟು, ಮೊದಲ ಪೀರಿಯಡ್ ಮುಗಿದ ಮೇಲೆ ಬರುವ ಮಕ್ಕಳು ಬಹಳ. ಆ ಪೀರಿಯಡ್ ಪ್ರತಿ ವಾರವೂ ಒಂದೇ ವಿಷಯದ್ದು. 16 ಸೋಮವಾರಕ್ಕೆ 16 ತರಗತಿ ಅಲ್ಲಿಗೇ ಮುಗಿಯಿತು. ಆಮೇಲೆ ಒಂದು ಜ್ವರ, ಒಂದು ಮದುವೆ ಬಂದರೂ ಶಾರ್ಟೇಜ್. ‘ಸೋಮವಾರ ಒಂದೇ ಅಲ್ವಾ ಸರ್ ತಪ್ಪಿಸಿದ್ದು’ ಎಂದು ಕಣ್ಣೀರು ಹಾಕಿಕೊಂಡು ನಿಂತವರನ್ನು ನಾನು ನೋಡಿದ್ದೇನೆ. ಆ ಹೊತ್ತಿಗೆ ನನ್ನ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಭಾನುವಾರ ಸಂಜೆಯ ಬಸ್ಸಿಗೇ ಹೊರಟು ಬನ್ನಿ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪ್ರತಿ ವಿಷಯಕ್ಕೂ ಒಂದು ಸಾಲು ಎಳೆದು, ತಪ್ಪಿಸಿದ ತರಗತಿಗೆ ಒಂದೊಂದು ಗೀಟು ಹಾಕಿ. ಎಂಟು ಗೀಟಾದ ದಿನ ಹೋಗಿ ಮೇಷ್ಟ್ರನ್ನು ಕಂಡು ಮಾತಾಡಿ. ಆಸ್ಪತ್ರೆಗೆ ಹೋಗಿದ್ದರೆ ಚೀಟಿಯನ್ನು ಅದೇ ವಾರ ಕೊಡಿ.

4. ಇಂಗ್ಲಿಷ್ ಅರ್ಥವಾಗದಿದ್ದರೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದೇ ದೊಡ್ಡ ಭಯ. ನನ್ನ ಮೊದಲ ವಾರದ ನೋಟ್ಸಿನಲ್ಲಿ ‘ಹೈಪಾಥಿಸಿಸ್’ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡದಾಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಆ ಪುಟದಲ್ಲಿ ಅಂಥವು ಹನ್ನೊಂದು ಇದ್ದವು. ಯಾರನ್ನೂ ಕೇಳದೆ ಒಂದು ತಿಂಗಳು ಕಳೆದೆ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರೇ ಒಳಗೆ ಕರೆದು, ಕೂರಿಸಿ, ‘ಈ ಸಲ ಮಳೆ ಚೆನ್ನಾಗಿ ಬಂದರೆ ಕಡಲೇಕಾಯಿ ಚೆನ್ನಾಗಿ ಬೆಳೆಯುತ್ತೆ ಅಂತ ನಿಮ್ಮಪ್ಪ ಅಂದ್ಕೊಳ್ಳಲ್ವಾ, ಅದೇ ಇದು. ನಿಜವೋ ಸುಳ್ಳೋ ಆಮೇಲೆ ನೋಡೋದು’ ಎಂದರು. ಆ ಪದ ಮತ್ತೆ ಮರೆಯಲಿಲ್ಲ.

ಕಿವಿಗೆ ಬಿದ್ದ ಪದವನ್ನು ಕನ್ನಡದಲ್ಲೇ ಬರೆದುಕೊಳ್ಳಿ, ತಪ್ಪೇನಿಲ್ಲ. ಸಂಜೆ ಪುಸ್ತಕದಲ್ಲಿ ಸ್ಪೆಲ್ಲಿಂಗ್ ಹುಡುಕಿ ಎಡಗಡೆ ಬರೆಯಿರಿ. ಬಲಗಡೆ ಅದರ ಅರ್ಥವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ದಿನಕ್ಕೆ ಐದು ಪದ ಸಾಕು. ಗೊತ್ತಾಗದೆ ಉಳಿದದ್ದನ್ನು ಶುಕ್ರವಾರ ಮೇಷ್ಟ್ರ ಹತ್ತಿರ ಕೇಳಿ. ‘ಪಾಠ ಅರ್ಥವಾಗಲಿಲ್ಲ ಸರ್’ ಎಂದರೆ ಎಲ್ಲಿಂದ ಶುರು ಮಾಡಬೇಕೋ ನಮಗೂ ತಿಳಿಯುವುದಿಲ್ಲ. ‘ಈ ಪದ, ಈ ಸಾಲು’ ಎಂದು ತೋರಿಸಿದರೆ ಹೇಳಿಕೊಡುವುದು ಸುಲಭ. ನಿಮ್ಮ ಕೋರ್ಸಿನಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

5. ಲೈಬ್ರರಿ ಮತ್ತು ಹಳೇ ಪ್ರಶ್ನೆಪತ್ರಿಕೆ

ಲೈಬ್ರರಿ ಕಾರ್ಡನ್ನು ಮೊದಲ ತಿಂಗಳಲ್ಲೇ ಮಾಡಿಸಿ. ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನು ಸೀನಿಯರ್ ಅಕ್ಕ, ಅಣ್ಣಂದಿರ ಹತ್ತಿರ ಇಸ್ಕೊಳ್ಳಿ. ಪಠ್ಯಕ್ರಮ ಬದಲಾಗಿದೆಯಾ ಎಂದು ಕೇಳುವುದನ್ನು ಮರೆಯಬೇಡಿ.

6. ಮನೆ ನೆನಪಾದಾಗ

ಮೊದಲ ಒಂದೆರಡು ತಿಂಗಳು ಸಂಜೆ ಹೊತ್ತು ತುಂಬಾ ಕಷ್ಟ. ರೂಮಿನಲ್ಲಿ ಒಬ್ಬರೇ ಫೋನ್ ಹಿಡಿದು ಕೂರಬೇಡಿ. ಅಮಾನಿಕೆರೆ ಕಡೆ ಒಂದು ಸುತ್ತು ನಡೆಯಿರಿ. ಊರಿಂದ ತಂದ ಚಟ್ನಿಪುಡಿ, ಹುರಿಗಡಲೆ ಉಂಡೆಯ ಡಬ್ಬಿಯನ್ನು ಪಕ್ಕದ ರೂಮಿಗೆ ತಗೊಂಡು ಹೋಗಿ ಬಾಗಿಲು ತಟ್ಟಿ. ನನ್ನ ಈಗಿನ ಆಪ್ತ ಗೆಳೆಯ ಸಿಕ್ಕಿದ್ದು ಹಾಗೆಯೇ. ಶಿರಾ ಕಡೆಯವನು. ಡಬ್ಬಿ ಖಾಲಿಯಾಗುವ ಹೊತ್ತಿಗೆ ಇಬ್ಬರದ್ದೂ ಒಂದೇ ಕಥೆ ಎಂದು ಗೊತ್ತಾಗಿತ್ತು.

ಯಾರಾದರೂ ರ‍್ಯಾಗಿಂಗ್ ಮಾಡಿದರೆ ಸಹಿಸಿಕೊಂಡಿರಬೇಡಿ. 1800-180-5522 ಸಹಾಯವಾಣಿಗೆ ಫೋನ್ ಮಾಡಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಎಂದರೆ 14416ಕ್ಕೆ ಮಾಡಿ. ಅದು ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೋ ತಿಳಿಯದಿದ್ದರೆ ‘ನಾನು ಸ್ಟೂಡೆಂಟ್, ಊರು ಬಿಟ್ಟು ಬಂದಿದ್ದೀನಿ, ಮನಸ್ಸಿಗೆ ಸರಿ ಇಲ್ಲ’ ಎಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.